ಅತ್ತೆ ಬಿಚ್ಚಿ ಹೊಲಿದ ಕಾದಂಬರಿ

ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡಿದವಳು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಗೋಂದು ಇನ್ನೂ ಒಣಗಿಲ್ಲ, ತಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಮ್ಮ ಮನೆಯಲ್ಲೇ ಇದ್ದಳು. ಅಪ್ಪ ಹಾಕಿದ ಗೆರೆ ದಾಟಿದವಳಲ್ಲ. ಆ ಗೆರೆಯ ಮೇಲೆ ನನಗಂತೂ ಮೊದಲಿನಿಂದಲೂ ಸಿಟ್ಟು.

ಅವಳಿಗೆ ಐವತ್ತೆರಡಾದ ವರ್ಷ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಬೆನ್ನು ಮುರಿದುಕೊಂಡು ಅವಳ ಮೇಜಿಗೆ ಬಂತು. ಅದರ ಹಿಂದೆಯೇ ಕೋರ್ಟಿನ ಟೈಪಿಸ್ಟ್ ಬಂದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಸಂಜೆಗಳನ್ನೆಲ್ಲ ಗ್ರಂಥಾಲಯದಲ್ಲೇ ಕಳೆಯುತ್ತಿದ್ದರು. ಅರ್ಧ ಓದಿದ ಪುಸ್ತಕ, ತಡೆದುಕೊಳ್ಳಲಾಗಲಿಲ್ಲವಂತೆ.

"ಬಿಚ್ಚಿದ ಹಾಳೆಗಳನ್ನೇ ಕೊಡಿ ಮೇಡಂ, ಇಲ್ಲೇ ಕೂತು ಓದ್ತೀನಿ."

"ಕೊಡ್ತೀನಿ. ಆದ್ರೆ ಮೊದಲಿಂದ ಓದಬೇಕು, ಜೋರಾಗಿ, ಕನ್ನಡದಲ್ಲಿ ಹೇಳ್ತಾ."

ಹದಿನಾರು ಪುಟಗಳ ಒಂದೊಂದು ಕಟ್ಟು. ಅವರು ಓದಿ ಮುಗಿಸಿದ್ದನ್ನು ಅವಳು ಹೊಲಿಯುವುದು, ದಿನಕ್ಕೆ ಒಂದೇ. ಕಾಲೇಜು ಮುಗಿಸಿ ನಾನೂ ಅಲ್ಲೇ ಕೂರುತ್ತಿದ್ದೆ. ಕಥೆಯಲ್ಲಿ ಜಮೀನ್ದಾರನ ಮಗಳು ಗಡಿಯಾರ ರಿಪೇರಿಯವನನ್ನು ಮೆಚ್ಚುತ್ತಾಳೆ. ಅವನು ಬರೆದ ಕಾಗದವನ್ನು ಮೊದಲು ಅಪ್ಪ ಓದುತ್ತಾನೆ, ಆಮೇಲೆ ಅಣ್ಣ, ಆಮೇಲೆ ದೊಡ್ಡಮ್ಮ. ಅವಳ ಕೈಗೆ ಬರುವ ಹೊತ್ತಿಗೆ ಉತ್ತರವೂ ಸಿದ್ಧ: ಆಗುವುದಿಲ್ಲ. ಹುಡುಗಿ ತುಟಿಪಿಟಕ್ಕೆನ್ನುವುದಿಲ್ಲ.

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. "ಅವಳನ್ನ ಒಬ್ಬರಾದ್ರೂ ಕೇಳಬಾರದಾ?"

"ಆಗಿನ ಕಾಲ ಹಾಗಿತ್ತು" ಅಂದರು ಟೈಪಿಸ್ಟ್.

"ಈಗಿನ ಕಾಲ ಏನು ಕಿಸಿದಿದೆ?"

ಇಪ್ಪತ್ತು ದಿನದಲ್ಲಿ ಮುಗಿಯಬೇಕಿದ್ದ ಕೆಲಸ ಎರಡು ತಿಂಗಳು ಎಳೆಯಿತು. ಹೊಲಿಗೆ ಸಡಿಲವಾಯಿತು ಎಂದು ಅತ್ತೆ ಬಿಚ್ಚುವುದು, ಬಿಚ್ಚಿದ್ದನ್ನು ಅವರು ಮತ್ತೊಮ್ಮೆ ಓದುವುದು. ಅವಳ ಹೊಲಿಗೆ ಸಡಿಲವಾದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ! ಪುಸ್ತಕ ಮುಗಿದರೆ ಅವರು ಬರುವುದಕ್ಕೆ ನೆವ ಉಳಿಯುತ್ತಿರಲಿಲ್ಲ, ಅಷ್ಟೇ ಸಂಗತಿ. ಮನೆಯಲ್ಲಿ ಕಾಫಿಗೆ ಎರಡೆರಡು ಸಲ ಸಕ್ಕರೆ ಹಾಕತೊಡಗಿದಳು.

ಕೊನೆಯ ಕಟ್ಟೊಂದು ಉಳಿದಿದ್ದಾಗ ಆ ಪುಣ್ಯಾತ್ಮ ಎಡವಟ್ಟು ಮಾಡಿಕೊಂಡರು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಅಪ್ಪನ ಎದುರು ಕೂತು, "ನಿಮ್ಮ ತಂಗೀನ ಮದುವೆ ಆಗೋಕೆ ನಿಮ್ಮ ಒಪ್ಪಿಗೆ ಬೇಕಿತ್ತು" ಅಂದರು. ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

ಅಪ್ಪನ ಮುಖ ಕಪ್ಪಿಟ್ಟಿತು. "ಈ ವಯಸ್ಸಲ್ಲಿ? ಜನ ಏನಂತಾರೆ? ಆಗಲ್ಲ."

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಹಿತ್ತಲಿಗೆ ಓಡಿ ಎಲ್ಲ ಒದರಿಬಿಟ್ಟೆ. ಅತ್ತೆ ಒದ್ದೆ ಕೈಯಲ್ಲೇ ಬೀದಿಗೆ ಓಡಿದಳು, ಬಾಲದ ಹಾಗೆ ನಾನೂ ಹಿಂದೆ. ತಿರುವಿನಲ್ಲಿ ಅವರು ಸಿಕ್ಕರು.

"ಎರಡು ತಿಂಗಳು ಓದಿ ಇಷ್ಟೇನಾ ಕಲಿತಿದ್ದು? ಆ ಹುಡುಗೀನ ಯಾರೂ ಕೇಳಲಿಲ್ಲ ಅಂತ ಬಡ್ಕೊಂಡೆನಲ್ಲ! ನೀವು ನನ್ನನ್ನ ಕೇಳಿದ್ರಾ?"

"ಮರ್ಯಾದೆಗೆ ಅಂತ..."

"ಯಾರ ಮರ್ಯಾದೆಗೆ?"

ಅವರು ಬೆವರೊರೆಸಿಕೊಂಡು, ತರಕಾರಿ ಗಾಡಿಯವನ ಎದುರಲ್ಲೇ ಕೇಳಿದರು. "ನನ್ನನ್ನ ಮದುವೆ ಆಗ್ತೀರಾ?"

"ಹೂಂ" ಅಂದಳು ಅತ್ತೆ. ನನಗೆ ಅಳು ಬಂತು.

ಮನೆಗೆ ಬಂದು ಅಪ್ಪನ ಮುಂದೆ ನಿಂತಳು. ಇನ್ನು ಅವಳಿಗೆ ತವರು ಅಂತ ಇರುವುದು ಈ ಮನೆಯೊಂದೇ. ಅಣ್ಣ ಮುಖ ತಿರುಗಿಸಿದರೆ ಅದೂ ಇಲ್ಲ.

"ಅಣ್ಣ, ಮುಂದಿನ ತಿಂಗಳು ರಿಜಿಸ್ಟ್ರಾರ್ ಆಫೀಸಲ್ಲಿ ನನ್ನ ಮದುವೆ. ಆಗಬಹುದಾ ಅಂತ ಕೇಳ್ತಿಲ್ಲ. ನೀನು ಬರ್ತೀಯಾ ಅಂತ ಕೇಳ್ತಿದೀನಿ."

ಅಪ್ಪ ಪೇಪರು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಬೈಗುಳ ಬರುತ್ತದೆ ಎಂದು ನಾನು ಅತ್ತೆಯ ಪಕ್ಕ ಹೋಗಿ ನಿಂತೆ.

"ಸಾಕ್ಷಿಗೆ ಸಹಿ ಯಾರು ಹಾಕ್ತಾರೆ?" ಅಂದರು.

"ಇನ್ನೂ ಯಾರಿಗೂ ಹೇಳಿಲ್ಲ."

"ಹೇಳಬೇಡ. ನಾನು ಹಾಕ್ತೀನಿ."