ವರದಿ ಮುಗಿಯುವ ಮೊದಲೇ

ಹೇಸಿಗೆಯಾದಾಗ ಟೀಚರಮ್ಮನ ಮೂಗಿನ ಎರಡೂ ಬದಿಗೆ ಒಂದೊಂದು ಗೆರೆ ಏಳುತ್ತಿತ್ತು. ಸಣ್ಣಗೆ ಎದ್ದು, ಮೇಲ್ತುಟಿಯನ್ನೂ ತಮ್ಮ ಜೊತೆಗೇ ಎಳೆದುಕೊಂಡು ಹೋಗಿ, ಬಿಳಿ ಹುಬ್ಬುಗಳ ನಡುವೆ ಕೂಡಿಕೊಳ್ಳುತ್ತಿದ್ದವು ಆ ಗೆರೆಗಳು. ಆ ಮುಖವನ್ನು ನಾನು ಮೊದಲು ನೋಡಿದ್ದು ನಮ್ಮ ಬಚ್ಚಲುಮನೆಯಲ್ಲಿ. ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಲಂಡನ್ ಅಂಚಿನ ಪಿನ್ನರ್‌ನ ಆ ಮನೆಗೆ ನಾವು ಬಂದ ಮರುದಿನವೇ, ಬೇಲಿಯಾಚೆಯ ಮನೆಯಿಂದ ಕೈಯಲ್ಲೊಂದು ಕಪ್ಪನೆಯ ರೈ ಬ್ರೆಡ್ಡು ಹಿಡಿದುಕೊಂಡು ಬಂದ ಮುದುಕಿ, ಹೆಸರು ಊರು ಕೇಳುವುದಕ್ಕೂ ಮುಂಚೆ ಕೇಳಿದ್ದು, "ನಿಮ್ಮ ಬಚ್ಚಲಿಗೂ ಕಾರ್ಪೆಟ್ ಹಾಕಿದ್ದಾರಾ?"

ಹಾಕಿದ್ದರು. ಗುಲಾಬಿ ಬಣ್ಣದ್ದು, ಕಮೋಡಿನ ಬುಡದವರೆಗೂ.

"ಇವತ್ತೇ ಕಿತ್ತು ಬಿಸಾಕು, ನೇಬರ್. ಯಾರ್ಯಾರದೋ ಕಾಲು, ಯಾವ್ಯಾವ ಕಾಲದ್ದೋ ನೀರು, ಇನ್ನೂ ಏನೇನೋ. ಯುದ್ಧ ಗೆದ್ದ ದೇಶ ಇದು, ಬಚ್ಚಲಿಗೆ ರಗ್ಗು ಹಾಸ್ತಾರೆ!"

ಆ ಕ್ಷಣವೇ ಅವರ ಮೇಲೆ ನನಗೆ ಪ್ರೀತಿ ಹುಟ್ಟಿತು. ನಾನು ಧಾರವಾಡದಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವಳು. ಮೈಲಿಗೆ, ಮುಸುರಿ, ಎಂಜಲು ಅಂತ ಮೂರು ಪರೀಕ್ಷೆ ಮನೆಯಲ್ಲೇ ಪಾಸಾದವಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸೇರಿ ಆ ಕಾರ್ಪೆಟ್ಟನ್ನು ಸುರುಳಿ ಸುತ್ತಿ ಹಿತ್ತಿಲಿಗೆ ಎಳೆದು ಹಾಕಿದೆವು. ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತು, "ಮನಿ ತಗೊಂಡು ಎರಡು ದಿನ ಆಗಿಲ್ಲ, ಆಗಲೇ ಕೆಡವಾಕ ಶುರು ಮಾಡೀರೇನು?" ಅಂದರು.

ಹತ್ತಿರದ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅಂತ ಗೊತ್ತಾದ ಮೇಲೆ ನಾನು ಅವರನ್ನು ಟೀಚರಮ್ಮ ಅನ್ನತೊಡಗಿದೆ. ಅರ್ಥ ಕೇಳಿದರು, ಹೇಳಿದೆ.

"ಅಮ್ಮ ಅಂದರೆ ತಾಯಿ ತಾನೆ? ನಾನು ಯಾರನ್ನೂ ಹೆತ್ತಿಲ್ಲ."

"ನಮ್ಮ ಕಡೆ ಹೆರಲೇಬೇಕಂತೇನಿಲ್ಲ ಟೀಚರಮ್ಮ. ಬೈದರೂ ಸಾಕು."

"ಹಾಗಾದರೆ ಈ ಬೀದಿಗೆಲ್ಲ ನಾನೇ ತಾಯಿ" ಅಂದರು, ನಗದೆ.

ನಮ್ಮ ಗೆಳೆತನ ಬೆಳೆದದ್ದು ಹೇಸಿಗೆಯ ಮೇಲೆಯೇ ಅಂದರೆ ತಪ್ಪಿಲ್ಲ. ಈ ದೇಶದಲ್ಲಿ ಪಾತ್ರೆ ತೊಳೆಯುವ ಬಗೆ ನೋಡಿದವರಿಗೆ ಗೊತ್ತು. ಒಂದು ಬೇಸಿನ್ ತುಂಬ ಸೋಪಿನ ನೀರು. ಅದರಲ್ಲೇ ಎಲ್ಲ ತಟ್ಟೆ, ಎಲ್ಲ ಲೋಟ ಮುಳುಗೆದ್ದು, ಮೇಲೆ ಒಂದು ಹನಿ ಒಳ್ಳೆಯ ನೀರು ಕಾಣದೆ, ನೊರೆ ಸಮೇತ ಬಟ್ಟೆಯಲ್ಲಿ ಒರೆಸಿ ಕಪಾಟಿಗೆ. "ತೊಳದ್ರ ಸಾಲದವ್ವಾ, ಗಲಬರಿಸಬೇಕು" ಅಂತಿದ್ದಳು ನಮ್ಮಜ್ಜಿ, ಚೆಂಬಿನ ನೀರು ತಿರುಗಿಸಿ ತಿರುಗಿಸಿ ಚೆಲ್ಲುತ್ತಾ. ಟೀಚರಮ್ಮನ ಅಡುಗೆಮನೆಯಲ್ಲೂ ನಲ್ಲಿ ಹಾಗೇ ಹರಿಯುತ್ತಿತ್ತು. "ನೊರೆ ಸಮೇತ ಒರೆಸಿಡೋದು" ಎಂಬುದು ಅವರ ಬಾಯಿಮಾತೇ ಆಗಿಬಿಟ್ಟಿತ್ತು. ಕೌನ್ಸಿಲ್‌ನಿಂದ ನಯವಾದ ಉತ್ತರ ಬಂದರೆ, ಟೀವಿಯಲ್ಲಿ ಮಂತ್ರಿಯೊಬ್ಬ ವಿಷಾದ ವ್ಯಕ್ತಪಡಿಸಿದರೆ, ಮೂಗಿನ ಗೆರೆಗಳು ಏಳುತ್ತಿದ್ದವು. "ನೋಡು ನೇಬರ್, ನೊರೆ ಸಮೇತ ಒರೆಸಿಟ್ಟ."

ನನ್ನ ಮಗಳಿಗೆ ಗಣಿತ ಹೇಳಿಕೊಟ್ಟದ್ದು ಅವರೇ, ತಮ್ಮ ಅಡುಗೆಮನೆಯ ಮೇಜಿನ ಮೇಲೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ, ಕರೆದರೆ ಎದ್ದು ಬಾರದ ಹುಡುಗಿ, ಅಲ್ಲಿ ಮಾತ್ರ ದಿನಾ ಪಾಠಕ್ಕೆ ಮೊದಲು ಕುರ್ಚಿ ಸರಿಸಿ ನೆಟ್ಟಗೆ ನಿಲ್ಲುತ್ತಿದ್ದಳು. ಅದು ಟೀಚರಮ್ಮ ಓದಿದ ಶಾಲೆಯ ಪದ್ಧತಿ. ಅಲ್ಲಿ ವಾರಕ್ಕೊಬ್ಬರು ಪಾಳಿಯವರು. ಗುರುಗಳು ಒಳಗೆ ಬಂದ ಕೂಡಲೇ ಇಡೀ ತರಗತಿ ಏಳಬೇಕು. ಪಾಳಿಯವರು ವರದಿ ಒಪ್ಪಿಸಬೇಕು: ತರಗತಿ ಸಿದ್ಧವಾಗಿದೆ, ಇಂದು ಗೈರುಹಾಜರು ಇಂಥವರು, ಕಾರಣ ಇಂಥದು. ಗುರುಗಳು "ಕೂತುಕೊಳ್ಳಿ" ಎಂದರೆ ವರದಿ ಒಪ್ಪಿದರು ಅಂತ ಅರ್ಥ. ಅಲ್ಲಿಯವರೆಗೆ ಯಾರೂ ಕೂರುವ ಹಾಗಿಲ್ಲ.

"ತರಗತಿ ಸಿದ್ಧವಾಗಿದೆ ಮಿಸ್" ಅಂತಿದ್ದಳು ನನ್ನ ಮಗಳು. "ಗೈರುಹಾಜರು: ನನ್ನ ಮೆದುಳು. ಕಾರಣ: ಫ್ರಾಕ್ಷನ್ಸ್."

"ಕೂತುಕೋ. ಬಂದಾಗ ನನಗೆ ತಿಳಿಸು."

ಆ ಶಾಲೆ ಇದ್ದದ್ದು ಎಸ್ಟೋನಿಯಾದ ಒಂದು ಸಣ್ಣ ಊರಿನಲ್ಲಿ. ಎಷ್ಟು ಹಳೆಯದೆಂದರೆ, ಕಟ್ಟಿಸಿದ್ದು ಸ್ವೀಡನ್ನಿನ ರಾಜನೋ ರಷ್ಯಾದ ರಾಣಿಯೋ ಎಂಬ ಜಗಳ ಆ ಊರಿನಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲವಂತೆ. ಮೊದಲು ಜರ್ಮನ್‌ನಲ್ಲಿ ಪಾಠ, ಆಮೇಲೆ ರಷ್ಯನ್‌ನಲ್ಲಿ, ದೇಶ ಸ್ವತಂತ್ರವಾದ ಮೇಲೆ ಅವರದೇ ಭಾಷೆಯಲ್ಲಿ. ಆ ಚರಿತ್ರೆಯನ್ನು ಟೀಚರಮ್ಮ ಒಂದೇ ಉಸಿರಿಗೆ ಹೇಳುತ್ತಿದ್ದರು.

"ಸಭಾಂಗಣದ ಗೋಡೆಯಲ್ಲಿ ಒಂದು ಮೊಳೆ ಇತ್ತು, ನೇಬರ್. ನಮ್ಮಪ್ಪ ಓದುವಾಗ ಅದರಲ್ಲಿ ಝಾರ್ ದೊರೆ. ನಾನು ಸೇರಿದಾಗ ನಮ್ಮ ರಾಷ್ಟ್ರಪತಿ. ಆಮೇಲೆ ಒಂದು ಬೇಸಿಗೆಗೆ ಸ್ಟಾಲಿನ್. ಮುಂದಿನ ಬೇಸಿಗೆಗೆ ಹಿಟ್ಲರ್. ನಾವು ಓಡಿಬಂದ ಮೇಲೆ ಮತ್ತೆ ಸ್ಟಾಲಿನ್. ಪಟ ಇಳಿಸುವವರು, ಏರಿಸುವವರು ಅವರೇ ಜವಾನರು, ಕೆಳಗೆ ನಿಂತು ಹಾಡುವವರು ನಾವೇ. ಮೊಳೆ ಮಾತ್ರ ಯಾರೂ ಕೀಳಲಿಲ್ಲ."

ಅವರ ಬೆಂಚಿನಲ್ಲಿ ಜೊತೆಗೆ ಕೂರುತ್ತಿದ್ದವಳು ಮಿರ್ಯಮ್, ಊರಿನ ಔಷಧಿ ಅಂಗಡಿಯವರ ಮಗಳು, ಯೆಹೂದಿ. ಲ್ಯಾಟಿನ್ ಇವರಿಗೆ ಅವಳು ಹೇಳಿಕೊಡುತ್ತಿದ್ದಳು, ಗಣಿತ ಅವಳಿಗೆ ಇವರು. ಮುಂದಿನ ಬೇಸಿಗೆ ಶುರುವಾಗಿ, ಸ್ಟಾಲಿನ್ನನ ಪಟ ಇನ್ನೂ ಇಳಿಯದಿದ್ದಾಗ, ಶಾಲೆಯ ಹೆಡ್‌ಮಾಸ್ತರರನ್ನು ಹೆಂಡತಿ ಮಕ್ಕಳ ಸಮೇತ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದರು. ಅದಾದ ಕೆಲವೇ ವಾರಗಳಿಗೆ ಜರ್ಮನರು ಬಂದರು. ಮತ್ತೆ ಶಾಲೆ ತೆರೆದ ದಿನ ಮಿರ್ಯಮ್ ಇರಲಿಲ್ಲ. ಔಷಧಿ ಅಂಗಡಿಗೆ ಹಲಗೆ ಹೊಡೆದಿತ್ತು. ಅವಳನ್ನೂ ಅವಳ ಮನೆಯವರನ್ನೂ ಕರೆದೊಯ್ದವರಲ್ಲಿ ಜರ್ಮನರು ಮಾತ್ರ ಇರಲಿಲ್ಲ, ಅದೇ ಬೀದಿಯ ಪರಿಚಿತ ಮುಖಗಳೂ ಇದ್ದವು. ಯಾರೂ ತಿರುಗಿ ಬರಲಿಲ್ಲ.

ಆ ವಾರ ಪಾಳಿ ಟೀಚರಮ್ಮನದು. ಲ್ಯಾಟಿನ್ ಗುರುಗಳು ಒಳಗೆ ಬಂದರು. ಇವರು ವರದಿ ಶುರು ಮಾಡಿದರು: "ಗೈರುಹಾಜರು, ಮಿರ್ಯಮ್..." ಕಾರಣ ಹೇಳುವ ಮೊದಲೇ ಗುರುಗಳು ಕಿಟಕಿಯ ಕಡೆ ನೋಡುತ್ತಾ "ಕೂತುಕೊಳ್ಳಿ" ಅಂದುಬಿಟ್ಟರು. ವಾರವಿಡೀ ಹಾಗೇ. ಇವರು ಹೆಸರು ಎತ್ತುವುದು, ಅವರು ಕೂರಿಸುವುದು. ಮುಂದಿನ ವಾರದ ಪಾಳಿ ಒಬ್ಬ ಹುಡುಗನದು. ಅವನು ನಿಂತು, ಗಟ್ಟಿ ದನಿಯಲ್ಲಿ, "ತರಗತಿ ಸಿದ್ಧವಾಗಿದೆ. ಎಲ್ಲರೂ ಹಾಜರು" ಎಂದ. ಗುರುಗಳು ಅವನನ್ನು ನೋಡಿ ಮುಗುಳ್ನಕ್ಕರಂತೆ.

"ಆ ನಗು ನನಗೆ ಇನ್ನೂ ಗಂಟಲಲ್ಲಿದೆ" ಅಂತಿದ್ದರು ಟೀಚರಮ್ಮ.

ಆ ಹುಡುಗನನ್ನು ನಾನೂ ನೋಡಿದ್ದೇನೆ. ಅವನೂ ಇವರಂತೆಯೇ ಯುದ್ಧದ ಕೊನೆಗೆ ದೋಣಿ ಹತ್ತಿ ಓಡಿಬಂದು, ಲಂಡನ್‌ನಲ್ಲಿ ನೆಲೆಯೂರಿ, ಸ್ಟ್ಯಾನ್ಮೋರ್‌ನಲ್ಲಿ ದೊಡ್ಡ ಮನೆ ಮಾಡಿ, ಆ ಶಾಲೆಯ ಹಳೆಯ ವಿದ್ಯಾರ್ಥಿಗಳ ಬಳಗಕ್ಕೆ ಅಧ್ಯಕ್ಷನಾಗಿದ್ದ. ನಾನು ಕಾಣುವ ಹೊತ್ತಿಗೆ ಬೆಳ್ಳಿ ಕೂದಲಿನ ಮುದುಕ. ಹೆಂಗಸರ ಕೈ ಹಿಡಿದು ಮುತ್ತಿಡುವ ರೂಢಿ. ನನ್ನ ಕೈಗೂ ಇಟ್ಟರು. ಅವರು ಆಚೆ ತಿರುಗಿದ್ದೇ ತಡ ನಾನು ಸೆರಗಿಗೆ ಕೈ ಒರೆಸಿಕೊಂಡೆ. ಟೀಚರಮ್ಮ ನೋಡಿ, "ಒರೆಸಿದರೆ ಸಾಲದು, ತೊಳಿ" ಅಂದರು.

ಸೋವಿಯತ್ ಒಕ್ಕೂಟ ಒಡೆದು ಎಸ್ಟೋನಿಯಾ ಮತ್ತೆ ಸ್ವತಂತ್ರವಾದ ಮೇಲೆ, ಶಾಲೆಯವರು ದೊಡ್ಡ ಉತ್ಸವ ಮಾಡಲು, ಚರಿತ್ರೆಯ ಪುಸ್ತಕ ತರಲು ಹೊರಟರು. ಯುದ್ಧಕಾಲದ ಅಧ್ಯಾಯವನ್ನು ಲಂಡನ್ ಬಳಗಕ್ಕೆ ವಹಿಸಿದರು. ಅಂದರೆ ಅಧ್ಯಕ್ಷರಿಗೆ. ಟೀಚರಮ್ಮನಿಗೆ ಬೇಕಾದದ್ದು ಒಂದೇ ಒಂದು ಸಾಲು: ನಮ್ಮ ತರಗತಿಯಲ್ಲಿ ಮಿರ್ಯಮ್ ಎಂಬವಳಿದ್ದಳು, ಅವಳನ್ನು ಕೊಂದರು, ನಾವು ಕೂತುಕೊಂಡೆವು. ಅದಕ್ಕಾಗಿ ಅಧ್ಯಕ್ಷರಿಗೆ ಫೋನ್ ಮಾಡಿದರು, ಮನೆಗೆ ಕರೆದರು. ಅವರು ಬಂದದ್ದು ಟೀಚರಮ್ಮನ ಅಡುಗೆಮನೆಗೆ. ನಾನು ಅಲ್ಲೇ ತರಕಾರಿ ಹೆಚ್ಚುತ್ತಿದ್ದೆ. ನನಗೂ ತಿಳಿಯಲಿ ಅಂತಲೇ ಟೀಚರಮ್ಮ ಇಂಗ್ಲಿಷ್ ಬಿಡಲಿಲ್ಲ.

"ಪ್ರಿಯ ಗೆಳತಿ, ಅವಳು ಕೊನೆಯ ಪರೀಕ್ಷೆ ಬರೆಯಲಿಲ್ಲವಲ್ಲ" ಎಂದರು ಅಧ್ಯಕ್ಷರು, ಬಹಳ ಮೆತ್ತಗೆ. "ನಿಯಮದ ಪ್ರಕಾರ ಹಳೆಯ ವಿದ್ಯಾರ್ಥಿ ಅಂದರೆ ಪಾಸಾದವರು."

"ಬರೆಯೋಕೆ ಅವಳು ಬದುಕಿರಲಿಲ್ಲ."

"ಅದೇ ನಾನೂ ಹೇಳ್ತಿರೋದು. ದುಃಖದ ಸಂಗತಿ. ಆದರೆ ಇದು ಹಬ್ಬದ ಪುಸ್ತಕ. ಹೆಡ್‌ಮಾಸ್ತರರ ಬಗ್ಗೆ ಎರಡು ಪುಟ ಬರೆದಿದ್ದೇನೆ. ದುಃಖ ಅಷ್ಟು ಸಾಕು."

"ಅವರ ದುಃಖ ನಿಜ. ಎರಡಲ್ಲ, ಹತ್ತು ಪುಟ ಬರಿ. ಅವರನ್ನ ಒಯ್ದದ್ದು ರಷ್ಯನ್ನರು, ಅದಕ್ಕೇ ಬರೀತೀಯ. ಇವಳನ್ನ ಒಯ್ದವರು ಯಾರು ಅಂತ ಬರೆದರೆ ನಮ್ಮ ಬೀದಿಯವರ ಹೆಸರು ಬರುತ್ತೆ. ಅದಕ್ಕೇ ಬರೆಯಲ್ಲ."

ಅಧ್ಯಕ್ಷರು ಎದ್ದರು. ಹೋಗುವಾಗ ಟೀಚರಮ್ಮನ ಕೈಗೆ ಮುತ್ತಿಡಲು ಬಗ್ಗಿದರು. ಟೀಚರಮ್ಮ ನಲ್ಲಿ ತಿರುಗಿಸಿ ಕೈಯನ್ನು ನೀರಿಗೆ ಒಡ್ಡಿಬಿಟ್ಟರು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಅವರ ಮನಿ ಜಗಳ ನಮಗ್ಯಾಕ ಬೇಕ?" ಅಂದರು. ಎಂಜಲು ಯಾರ ಮನಿದಾದರೂ ಎಂಜಲೇ ಅಂದೆ.

ಪುಸ್ತಕ ಬಂತು. ಲಂಡನ್‌ನ ಒಂದು ಚರ್ಚ್ ಹಾಲ್‌ನಲ್ಲಿ ಚಹಾ ಕೂಟ. ಟೀಚರಮ್ಮನ ಕಣ್ಣು ಆಗಲೇ ಮಂಜಾಗಿತ್ತು, ಹೀಗಾಗಿ ಕಾರ್ ಓಡಿಸಿಕೊಂಡು ಹೋದವಳು ನಾನು. ಮೊಟ್ಟೆ, ಮೀನು ಇಟ್ಟ ಬ್ರೆಡ್ಡಿನ ತಟ್ಟೆಗಳಿಂದ ದೂರ ಒಂದು ಮೂಲೆ ಹಿಡಿದು ಕೂತೆ. ಹೊಳೆಯುವ ಕಾಗದದ ಪುಸ್ತಕವನ್ನು ಟೀಚರಮ್ಮ ಭೂತಗನ್ನಡಿ ಹಿಡಿದು ಓದಿದರು. ಓದಿ ನನಗೆ ಒಂದು ವಾಕ್ಯ ಇಂಗ್ಲಿಷಿಗೆ ತಿರುಗಿಸಿ ಹೇಳಿದರು: "ಕಾಲದ ಪರಿಸ್ಥಿತಿಯಿಂದಾಗಿ ವಿದ್ಯಾರ್ಥಿಗಳ ಸಂಖ್ಯೆ ಸ್ವಲ್ಪ ಕಡಿಮೆಯಾಯಿತು." ಸ್ವಲ್ಪ! ಸಂಘಗಳ ಸ್ಮರಣ ಸಂಚಿಕೆಗಳನ್ನು ನಾನೂ ಓದಿದವಳು. ಸುಳ್ಳು ಹೊಗಳಿಕೆ ಓದಿ ನಕ್ಕದ್ದುಂಟು. ಇದು ನಗುವಂಥದ್ದಲ್ಲ. ಒಂದು ಹುಡುಗಿಯನ್ನು ಹೊಂಡಕ್ಕೆ ಹಾಕಿ, ಆ ಹೊಂಡದ ಮೇಲೆ ಮೇಜುಬಟ್ಟೆ ಹಾಸಿ, ಕೇಕ್ ಇಟ್ಟಿದ್ದರು.

ಆ ಕೂಟದಲ್ಲಿ ಪ್ರತಿ ವರ್ಷ ಒಂದು ಆಟ. ಅಧ್ಯಕ್ಷರು ಗುರುಗಳಾಗಿ ಗಂಟೆ ಬಾರಿಸುತ್ತಾರೆ, ಎಲ್ಲರೂ ಹುಡುಗರಂತೆ ಏಳುತ್ತಾರೆ, ಒಬ್ಬರು ಪಾಳಿಯವರಾಗಿ ಆ ವರ್ಷ ತೀರಿಕೊಂಡವರ ಹೆಸರು ಹೇಳುತ್ತಾರೆ, ಆಮೇಲೆ ಕೇಕ್. ಆ ಸಲದ ಪಾಳಿ ಯಾರದೋ ಆಗಿತ್ತು. ಟೀಚರಮ್ಮ ಕೇಳಲಿಲ್ಲ, ಎದ್ದು ಮುಂದೆ ಹೋದರು.

"ತರಗತಿ ಸಿದ್ಧವಾಗಿದೆ" ಎಂದರು. ಮೊದಲು ಅವರ ಭಾಷೆಯಲ್ಲಿ, ಆಮೇಲೆ ಅಲ್ಲಿದ್ದ ಇಂಗ್ಲಿಷ್ ಸೊಸೆಯಂದಿರಿಗೂ ಮೊಮ್ಮಕ್ಕಳಿಗೂ ತಿಳಿಯಲಿ ಅಂತ ಇಂಗ್ಲಿಷಿನಲ್ಲಿ. "ಗೈರುಹಾಜರು: ಮಿರ್ಯಮ್. ಕಾರಣ..."

ಅಧ್ಯಕ್ಷರು ಗಂಟೆ ಬಾರಿಸಿದರು. ಜೋರಾಗಿ, ನಗುನಗುತ್ತಾ. "ಕೂತುಕೊಳ್ಳಿ, ಕೂತುಕೊಳ್ಳಿ! ಕೇಕ್ ಕಾಯ್ತಾ ಇದೆ!"

ಕೂತರು. ಎಲ್ಲರೂ ಕೂತರು. ಕುರ್ಚಿಗಳು ನೆಲಕ್ಕೆ ಉಜ್ಜಿದ ಆ ಸದ್ದು ನೆನೆದರೆ ನನಗೆ ಈಗಲೂ ಹಲ್ಲು ಚುಳ್ ಅನ್ನುತ್ತದೆ. ಫೋರ್ಕುಗಳು ಆಡತೊಡಗಿದವು. ಕೆನ್ನೆಗೆ ಕ್ರೀಮು ಮೆತ್ತಿದ ಮುದುಕಿಯೊಬ್ಬಳು ನನ್ನ ಕಡೆ ಬಗ್ಗಿ, "ಬಹಳ ಚೆನ್ನಾಗಿದೆ, ತಗೊಳ್ಳಿ" ಅಂದಳು. ಟೀಚರಮ್ಮ ತಮ್ಮ ಚಹಾದ ಕಪ್ಪನ್ನು ಹಾಲ್‌ನ ಅಡುಗೆಮನೆಗೆ ಒಯ್ದು, ನಲ್ಲಿ ಬಿಟ್ಟು, ತೊಳೆದು, ಗಲಬರಿಸಿ, ಬೋರಲು ಹಾಕಿ ಬಂದರು. ಕಾರು ಹ್ಯಾರೋ ದಾಟುವಾಗ ಅಂದರು, "ಕಾರಣ ಹೇಳೋಕೆ ಒಬ್ಬರೂ ಬಿಡಲಿಲ್ಲ ನೋಡು ನೇಬರ್. ಆಗಲೂ ಇಲ್ಲ, ಈಗಲೂ ಇಲ್ಲ."

"ಏನಂತ ಹೇಳ್ತಿದ್ದಿರಿ ಟೀಚರಮ್ಮ?"

ಹೇಳಿದರು.

ಮುಂದೆ ಅವರು ಆ ಕೂಟಕ್ಕೆ ಹೋಗಲಿಲ್ಲ. ಕಣ್ಣು ಪೂರ್ತಿ ಹೋಯಿತು. ನಾನು ತಟ್ಟೆ ತೊಳೆದಿಟ್ಟರೆ ಬೆರಳಿನಿಂದ ಉಜ್ಜಿ ಕಿರ್ ಎಂಬ ಸದ್ದು ಕೇಳಿಸಿಕೊಂಡೇ ಅನ್ನ ಸಾರು ಹಾಕಿಸಿಕೊಳ್ಳುತ್ತಿದ್ದರು. ಪಾತ್ರೆಯ ಹೇಸಿಗೆ ನನಗೆ ಅಜ್ಜಿ ಕಲಿಸಿದ್ದಳು. ಮಾತಿನ ಹೇಸಿಗೆ ಕಲಿಸಿದವರು ಇವರು. ಆ ಋಣ ತೀರಿಸುವಂಥದ್ದಲ್ಲ.

ಅವರು ತೀರಿಕೊಂಡಾಗ ನನ್ನ ಮಗಳು ಕೆಲಸಕ್ಕೆ ಸೇರಿಯಾಗಿತ್ತು, ರಜೆ ಹಾಕಿ ಬಂದಳು. ಸ್ಮಶಾನದ ಪ್ರಾರ್ಥನಾ ಮಂದಿರದಲ್ಲಿ ಬಳಗದವರೂ ಬಂದು ಕೂತಿದ್ದರು. ಅಧ್ಯಕ್ಷರು ಕೋಲೂರಿಕೊಂಡು ಹೋಗಿ ಮಾತಾಡಿದರು. ನಮ್ಮ ಪುರಾತನ ಶಾಲೆಯ ಹೆಮ್ಮೆಯ ಮಗಳು, ಕೊನೆಯವರೆಗೂ ಶಾಲೆಯ ಶಿಸ್ತು ಬಿಡದವರು, ನಮ್ಮ ಚರಿತ್ರೆಯ ಪುಸ್ತಕವನ್ನು ಎದೆಗೊತ್ತಿಕೊಂಡವರು. ಎದೆಗೊತ್ತಿಕೊಂಡವರಂತೆ! ಆ ಪುಸ್ತಕ ಅವರ ಮನೆಯಲ್ಲಿ ಅಲುಗಾಡುವ ಫ್ರಿಜ್ಜಿನ ಕಾಲಿನ ಕೆಳಗಿತ್ತು. ಅಧ್ಯಕ್ಷರು ಕಣ್ಣೊರೆಸಿಕೊಂಡು ಬಂದು ಕೂತರು. ಸುತ್ತಲಿನವರು ಅವರ ತೋಳು ತಟ್ಟಿದರು.

ಪಾದ್ರಿ ನನ್ನ ಕಡೆ ನೋಡಿ, ನೆರೆಯವರು ಎರಡು ಮಾತು ಹೇಳಬಹುದು ಎಂದರು. ಮುಂದೆ ಹೋಗಿ ನಿಂತೆ. ಬರೆದುಕೊಂಡು ಹೋದದ್ದು ಬೇರೆ ಇತ್ತು, ಅದು ಬಾಯಿಗೆ ಬರಲಿಲ್ಲ.

"ತರಗತಿ ಸಿದ್ಧವಾಗಿದೆ" ಎಂದೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ನನ್ನ ಮಗಳು ಎದ್ದು ನೆಟ್ಟಗೆ ನಿಂತಿದ್ದಳು. ಅವಳನ್ನು ನೋಡಿ, ಅಂದು ಕ್ರೀಮು ಮೆತ್ತಿಕೊಂಡಿದ್ದ ಆ ಮುದುಕಿ ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದಳು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಅಧ್ಯಕ್ಷರು ಮಾತ್ರ ಕೂತೇ ಇದ್ದರು.

"ಇಂದು ಗೈರುಹಾಜರು ಇಬ್ಬರು. ನಮ್ಮ ಟೀಚರಮ್ಮ. ಕಾರಣ, ವಯಸ್ಸು. ಮಿರ್ಯಮ್. ಕಾರಣ, ಅವಳನ್ನು ಕೊಂದರು. ಅದು ನಮಗೆಲ್ಲ ಗೊತ್ತಿತ್ತು."

ಕಾರಿನಲ್ಲಿ ಟೀಚರಮ್ಮ ಹೇಳಿದ್ದ ಕಾರಣ ಅದೇ. ವರದಿ ಮುಗಿದಿತ್ತು. ಈಗ ಯಾರಾದರೂ "ಕೂತುಕೊಳ್ಳಿ" ಅನ್ನಬೇಕು. ಪಾದ್ರಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಗೊತ್ತಿದ್ದವರು ಕಿಟಕಿಯ ಕಡೆ ನೋಡುತ್ತಿದ್ದರು. ನಾವು ನಿಂತೇ ಇದ್ದೆವು.