ಕರಿ ಮಾಸ್ಕ್ ಹಚ್ಚಿದ ಭಾನುವಾರ

ನನ್ನ ನಾದಿನಿ ಹೊಸಪೇಟೆಯ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಕೆಲಸಕ್ಕಿದ್ದಳು. ಹಂಪಿ ನೋಡಲು ಬಂದ ಹುಡುಗಿಯರು ಬಿಸಿಲಿಗೆ ಹೆದರಿ ಕ್ರೀಮು ಕೇಳಿಕೊಂಡು ಅಲ್ಲಿಗೆ ಬರುತ್ತಿದ್ದರು. ಅವರ ಜೊತೆ ಮಾತಾಡಿ ಮಾತಾಡಿ ಇವಳಿಗೂ ಮುಖದ ಆರೈಕೆಯ ಹುಚ್ಚು ಹತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ ಬ್ಯಾಗಿನಿಂದ ಒಂದು ಟ್ಯೂಬು ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಅದರ ಮೇಲೆಲ್ಲ ಗೀಟು, ಗುಂಡು, ಚೌಕ ಕೂಡಿಸಿದಂಥ ಅಕ್ಷರಗಳು.

“ಕೊರಿಯಾದ್ದು ಅತ್ತಿಗಿ. ಹಚ್ಚೋದು, ಒಣಗಿದ ಮ್ಯಾಲ ಹಾಳಿ ಕಿತ್ತಂಗ ಕೀಳೋದು. ಸಂಡೂರಿನ ಧೂಳೆಲ್ಲ ಅದರ ಜೊತಿಗೇ ಬರತೈತಿ.”

ಧೂಳಿನ ಮಾತು ಸುಳ್ಳಲ್ಲ. ನನ್ನ ಗಂಡ ಸಂಡೂರಿನಿಂದ ಅದಿರು ಸಾಗಿಸುವ ಟಿಪ್ಪರಿನ ಡ್ರೈವರ್. ಅವನ ಅಂಗಿ ಒಗೆದ ನೀರು ಕೆಂಪಗೆ ಹರಿಯುತ್ತಿತ್ತು. ದಿಂಬಿನಲ್ಲಿ, ಬಾಚಣಿಗೆಯ ಹಲ್ಲಿನಲ್ಲಿ, ಎಲ್ಲೆಲ್ಲೂ ಆ ಕೆಂಪು.

ಕನ್ನಡಿ ಮುಂದೆ ಕೂತು ಹಚ್ಚಿಕೊಂಡಳು. ಡಾಂಬರಿನ ಹಾಗೆ ಕರ್ರಗೆ, ಜಿಗುಟು. ಹಣೆ, ಕೆನ್ನೆ, ಗದ್ದ, ಕೊನೆಗೆ ಹುಬ್ಬಿನ ಮೇಲೂ ದಪ್ಪಗೆ ಬಳಿದಳು. ಹುಬ್ಬು ಬಿಟ್ಟು ಹಚ್ಚಬೇಕೆಂದು ವಿಡಿಯೋದಲ್ಲಿ ಹೇಳಿದ್ದರಂತೆ, ಇವಳು ಅಷ್ಟರವರೆಗೆ ನೋಡಿರಲೇ ಇಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನಿಲ್ಲದೆ ಅದು ಒಣಗಲೊಲ್ಲದು. ನಾನು ಮೊರ ತಂದು ಬೀಸಿದೆ. ನಕ್ಕರೆ ಮಾಸ್ಕ್ ಬಿರಿಯುತ್ತದೆಂದು ಅವಳು ಹಲ್ಲು ಕಚ್ಚಿ ಕೂತಳು. ಅದನ್ನು ನೋಡಿ ನನಗೆ ಇನ್ನಷ್ಟು ನಗು. ಅದೇ ಅವತಾರದಲ್ಲಿ ಒಂದು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು.

ಆ ಹೊತ್ತಿಗೆ ನನ್ನ ಗಂಡ ಗಾಡಿ ಬಿಟ್ಟು ಬೈಕಿನಲ್ಲಿ ಬರುತ್ತ ಗಾದಿಗನೂರಿನಲ್ಲಿ ಚಹಾಕ್ಕೆ ನಿಂತಿದ್ದ. ಜೊತೆಯ ಡ್ರೈವರೊಬ್ಬ ಫೋಟೋ ತೋರಿಸಿ, “ನಿನ್ ತಂಗಿ ನೋಡಲೇ, ಗಣಿಯಾಗ ಬಿದ್ದೆದ್ದು ಬಂದಾಳ” ಎಂದು ನಕ್ಕಿದ್ದನಂತೆ. ಅಲ್ಲಿದ್ದವರೆಲ್ಲ ಸೇರಿ ನಕ್ಕಿದ್ದರಂತೆ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಅವನು ಕೈ ಎತ್ತುವವನೇ. ಸಾರು ತಣ್ಣಗಾಯಿತೆಂದು, ಬುಕ್ಕಸಾಗರದ ನನ್ನ ತವರಿಗೆ ಹೆಚ್ಚು ಹೊತ್ತು ಫೋನು ಮಾಡಿದೆನೆಂದು ಹೊಡೆದಿದ್ದ. ಆಗೆಲ್ಲ ಗೋಡೆಗೆ ಮುಖ ಮಾಡಿ, ಏಟು ಮುಗಿಯಲಿ ಎಂದು ಕಾಯುತ್ತಿದ್ದೆ. ತಂಗಿಯನ್ನು ಮಾತ್ರ ಅವನು ಎಂದೂ ಮುಟ್ಟಿರಲಿಲ್ಲ.

ಬೈಕು ನಿಂತ ಸದ್ದಾಯಿತು. ಹೊಸ್ತಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆಯನ್ನು ದಾಟಿ, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ. ಮತ್ತೆ ಚಪಾತಿಗೆ ಕೂತಿದ್ದ ನಾನು ಲಟ್ಟಣಿಗೆ ಹಿಡಿದೇ ಎದ್ದು ಬಂದೆ.

“ಯಾರಿಗ್ ತೋರ್ಸಾಕ ಹಚ್ಚಿಯಲೇ ಇದನ್ನ?”

“ಅಣ್ಣಾ, ಇನ್ನಾ ಹಸಿ ಐತಿ, ಮುಟ್ಟಬ್ಯಾಡ,” ಎಂದಳು ಅವಳು, ತುಟಿ ಅಲುಗಿಸದೆ.

ಎಡಗೈಯಲ್ಲಿ ಅವಳ ಜಡೆ ಸುತ್ತಿ ಹಿಡಿದು ತಲೆಯನ್ನು ಗೋಡೆಗೆ ಒತ್ತಿದ. ಬಲಗೈಯ ಉಗುರನ್ನು ಗದ್ದದ ಅಂಚಿಗೆ ಹಾಕಿ ಎಳೆದ. ಗದ್ದದ್ದು ಬಂತು. ಕೆನ್ನೆಯದು ಚರ್ಮವನ್ನೂ ಸುಲಿದುಕೊಂಡು ಅರ್ಧಕ್ಕೇ ಹರಿಯಿತು. ಅವನು ಮತ್ತೆ ಉಗುರು ಹಾಕಿದ್ದು ಎಡ ಹುಬ್ಬಿನ ಹತ್ತಿರ. ಎಳೆದ ರಭಸಕ್ಕೆ ಹುಬ್ಬಿನ ಅರ್ಧ ಕೂದಲು ಆ ಕರಿ ಪೊರೆಗೆ ಅಂಟಿಕೊಂಡು ಹೊರಬಂತು. ಕೆಳಗಿನ ಚರ್ಮ ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ ಕಂಡು, ಹನಿಹನಿಯಾಗಿ ರಕ್ತ ಜಿನುಗಿತು. ಅವಳು ಕಿರುಚಿದ ಕಿರುಚಾಟ ಓಣಿಯ ಕೊನೆಯ ಮನೆಗೂ ಕೇಳಿರಬೇಕು.

“ಇನ್ನೊಂದ್ ಕಡಿ ಐತಲ್ಲ,” ಎಂದು ಅವನು ಮತ್ತೆ ಕೈ ಹಾಕಿದ.

ಲಟ್ಟಣಿಗೆ ನನ್ನ ಕೈಯಲ್ಲೇ ಇತ್ತು. ಎತ್ತಿ ಅವನ ಮಣಿಕಟ್ಟಿನ ಮೇಲೆ ಬಾರಿಸಿದೆ. ಒಣ ಪುಳ್ಳೆ ಮುರಿದಂಥ ಸದ್ದು. ನೋವಿಗಿಂತ ಹೆಚ್ಚಾಗಿ ಅಚ್ಚರಿಯಿಂದ ನನ್ನ ಕಡೆ ತಿರುಗಿದ. ಜಡೆ ಬಿಟ್ಟ ಎಡಗೈ ನನ್ನ ಕುತ್ತಿಗೆಗೆ ಬಂತು. ಮೊಣಕೈಗೆ ಇನ್ನೊಂದು ಕೊಟ್ಟೆ. ನೆಲಕ್ಕೆ ಕುಸಿದ. ನಾನು ನಿಲ್ಲಲಿಲ್ಲ. ಲಟ್ಟಣಿಗೆಯನ್ನು ಅವನ ತಲೆಯ ಮೇಲೆ ಎತ್ತಿದೆ. ಹೊಡೆದೇ ಬಿಡುತ್ತಿದ್ದೆ. ನನ್ನೊಳಗೆ ಸಿಟ್ಟೂ ಇರಲಿಲ್ಲ, ಎಂಥದೋ ತಣ್ಣನೆಯ ಹಿತವಿತ್ತು.

ರಕ್ತ ಜಿನುಗುವ ಮುಖದಲ್ಲೇ ನಾದಿನಿ ಬಂದು ನನ್ನ ತೋಳಿಗೆ ಜೋತುಬಿದ್ದಳು. “ಸಾಕು ಅತ್ತಿಗಿ! ಸತ್ತು ಹೋಗ್ತಾನ, ಸಾಕು!”

ಅತ್ತೆ ಓಡಿಬಂದವರೇ ನನ್ನ ಕೆನ್ನೆಗೆ ಹೊಡೆದರು. “ದುಡಿಯೋ ಕೈ ಮುರದ್ಯಲ್ಲೇ, ನಿನ್ ಕೈ ಸೇದ್ಹೋಗ್ಲಿ!” ಆಮೇಲೆ ಮಗಳ ಮುಖ ಕಂಡಿತು. ಅಲ್ಲೇ ಕುಕ್ಕರಿಸಿದರು. ಕೊಬ್ಬರಿ ಎಣ್ಣೆ ತರಿಸಿಕೊಂಡು, ಉಳಿದ ಮಾಸ್ಕನ್ನು ಹೆಬ್ಬೆರಳಲ್ಲಿ ತಿಕ್ಕಿ ತಿಕ್ಕಿ ಬಿಡಿಸಿದರು. ಬಿಡಿಸುವಷ್ಟು ಹೊತ್ತೂ ಅಳುತ್ತ ನನ್ನನ್ನು ಬಯ್ದರು.

ನಾಲ್ವರೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಮೊದಲು ಅವನನ್ನು ಕೇಳಿದರು. “ಬೈಕಿಂದ ಬಿದ್ದೆ ಸರ್,” ಎಂದ. ನನ್ನನ್ನು ಉಳಿಸಲು ಹೇಳಿದ್ದಲ್ಲ ಅದು. ಹೆಂಡತಿ ಹೊಡೆದಳು ಎನ್ನುವುದಕ್ಕಿಂತ ಬಿದ್ದೆ ಎನ್ನುವುದು ಅವನಿಗೆ ಸುಲಭವಾಗಿತ್ತು.

“ನಿನಗೇನಾತಮ್ಮ?” ಎಂದು ನಾದಿನಿಯ ಕಡೆ ತಿರುಗಿದರು.

“ನಮ್ಮಣ್ಣ ಕಿತ್ತಾನ್ರಿ,” ಎಂದಳು.

ಅಷ್ಟಾದ ಮೇಲೆ ನನಗೂ ಸುಮ್ಮನಿರಲು ಆಗಲಿಲ್ಲ. “ಅವರು ಬಿದ್ದಿಲ್ರಿ. ನಾನ ಹೊಡದೀನಿ, ಲಟ್ಟಣಿಗಿಲೆ.”

ಹತ್ತಿ ಅದ್ದುತ್ತಿದ್ದ ನರ್ಸಿನ ಕೈ ನಿಂತಿತು. ಪೊಲೀಸರಿಗೆ ತಿಳಿಸಬೇಕೇನಮ್ಮ ಎಂದು ಡಾಕ್ಟರು ನಾದಿನಿಯನ್ನು ಕೇಳಿದರು. ಅತ್ತೆ ಅವಳ ಕೈ ಹಿಡಿದು ಹಿಸುಕಿದರು. ಅವಳು ಕೈ ಬಿಡಿಸಿಕೊಂಡು, ಅಣ್ಣನನ್ನೇ ನೋಡುತ್ತ ಹೇಳಿದಳು: “ಇವತ್ತು ಬ್ಯಾಡ್ರಿ. ನಮ್ಮಿಬ್ಬರೊಳಗ ಯಾರನ್ನ ಮುಟ್ಟಿದ್ರೂ ನಾನ ಹೋಗಿ ಹೇಳ್ತೀನಿ.”

ಮುಂದಿನ ದಿನಗಳಲ್ಲಿ ಅವನ ಬಲಗೈ ಪ್ಲಾಸ್ಟರಿನಲ್ಲಿತ್ತು, ಎಡ ಮೊಣಕೈ ಬಾತುಕೊಂಡಿತ್ತು. ಅನ್ನ ಕಲಸಿ ತುತ್ತು ಮಾಡಿ ನಾನೇ ತಿನ್ನಿಸುತ್ತಿದ್ದೆ. ಒಂದು ದಿನ ತುತ್ತು ನುಂಗಿ ಕೇಳಿದ:

“ಆಕಿ ಹಿಡಿಲಿಲ್ಲಂದ್ರ ತಲಿಗೆ ಹೊಡಿತಿದ್ದ್ಯಾ?”

“ಹೂಂ.”

ಅವನು ಬಾಯಿ ತೆರೆದು ಮುಂದಿನ ತುತ್ತಿಗೆ ಕಾದ.

ಅಂದಿನಿಂದ ನನ್ನ ಮೇಲೆ ಕೈ ಎತ್ತಿಲ್ಲ. ಬುದ್ಧಿ ಬಂತೋ, ಬರೀ ಹೆದರಿಕೆಯೋ, ಕೇಳಿಲ್ಲ. ನನಗೂ ನನ್ನ ಕೈಯ ಬಗ್ಗೆ ಹೆದರಿಕೆ ಹುಟ್ಟಿತು. ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚುವಾಗಲೂ ಒಮ್ಮೊಮ್ಮೆ ಆ ತಣ್ಣನೆಯ ಹಿತ ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು.

ನಾದಿನಿ ಅವನೊಡನೆ ಮಾತು ಬಿಟ್ಟಳು. ಕೆನ್ನೆಯ ಗಾಯಕ್ಕೆ ಹಕ್ಕಳೆ ಕಟ್ಟುತ್ತಿದ್ದಂತೆ, ಅಂಗಡಿಯಲ್ಲಿ ಜೊತೆಗಿದ್ದ ಕಂಪ್ಲಿಯ ಹುಡುಗಿಯೊಂದಿಗೆ ಬಾಡಿಗೆ ಕೋಣೆ ಹಿಡಿದಳು. ಹೊರಟ ದಿನ ಅವನು ಬಾಗಿಲಲ್ಲಿ ಅಡ್ಡ ನಿಂತಿದ್ದ. “ದಾರಿ ಬಿಡಲೇ,” ಎಂದು ಅತ್ತೆಯೇ ಗದರಿದರು. ಅವನು ಪಕ್ಕಕ್ಕೆ ಸರಿದ. ಟ್ರಂಕಿನ ಒಂದು ಹಿಡಿ ಅವಳು, ಇನ್ನೊಂದು ನಾನು ಹಿಡಿದು ಕಾಲುವೆ ದಾಟಿ ನಡೆದೆವು. ಬಿಸಿಲಿಗೆ ಕೆನ್ನೆ ಉರಿಯುತ್ತದೆಂದು ಅವಳು ದುಪಟ್ಟಾ ಎಳೆದುಕೊಂಡಳು. ಟ್ರಂಕು ಭಾರವಾಗಿತ್ತು. ಎರಡು ಸಲ ಕೆಳಗಿಟ್ಟು, ಕೈ ಬದಲಿಸಿ, ಮತ್ತೆ ಎತ್ತಿಕೊಂಡೆವು.