ರಜಾಯಿಯೊಳಗಿನ ಹಿಟ್ಟು

ಇದೆಲ್ಲ ಹೀಗೆಯೇ ನಡೆಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ದಿಲ್ಲಿಯ ಮುನಿರ್ಕಾದ ನನ್ನ ಬಾಡಿಗೆ ಕೋಣೆಯ ಕೆಳಗಿನ ಮನೆಯಲ್ಲಿ ಯಾರೋ ಹುದುಗಿದ ದೋಸೆ ಹಿಟ್ಟಿನ ಮುಚ್ಚಳ ತೆಗೆದರೆ ಹುಳಿ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಅದರ ಹಿಂದೆಯೇ ಒದ್ದೆ ಹತ್ತಿಯ ವಾಸನೆ, ಬಿಸಿ ಸ್ಟೀಲಿನ ವಾಸನೆ. ಮೊದಲನೆಯದು ನಿಜ. ಉಳಿದೆರಡು ಗಾಜಿಯಾಬಾದಿನ ನಮ್ಮ ಮನೆಯವು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಅಲ್ಲಿ ಏನು ಬೇಯುತ್ತದೋ ನನಗೆ ತಿಳಿಯದು. ಇತಿಹಾಸ ಓದಿ, ಎಲ್ಲದಕ್ಕೂ ಸಾಕ್ಷ್ಯ ಕೇಳುವ ಚಟ ಹತ್ತಿಸಿಕೊಂಡವನು ನಾನು. ಮೂಗು ಹೇಳುವ ಸಾಕ್ಷ್ಯವನ್ನು ನಂಬಬೇಕೋ ಬೇಡವೋ ಎಂದು ಮಾತ್ರ ಯಾರೂ ಕಲಿಸಲಿಲ್ಲ. ನಿಮಗೂ ಅಂಥದೊಂದು ವಾಸನೆ ಇದ್ದರೆ ನನ್ನ ಗೊಂದಲ ಅರ್ಥವಾದೀತು.

ಅಮ್ಮ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಅಪ್ಪ ಸಾಹಿಬಾಬಾದಿನ ಖಾಸಗಿ ಕಾರ್ಖಾನೆಯೊಂದರ ಸ್ಟೋರಿನಲ್ಲಿದ್ದ. ದಿಲ್ಲಿಯಲ್ಲಿ ನಮಗಿದ್ದ ಸರ್ಕಾರಿ ಕ್ವಾರ್ಟರ್ಸ್ ಅಮ್ಮನ ಹೆಸರಿನದು. ನನಗೆ ಒಂಬತ್ತು, ಅಕ್ಕ ವೀಣಾಳಿಗೆ ಹನ್ನೆರಡು. ಆ ವರ್ಷ ದೀಪಾವಳಿ ಮುಗಿದ ಮೇಲೆ ಅಮ್ಮ ರಾಜೀನಾಮೆ ಕೊಟ್ಟಳು. ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಮಾರುವುದು ಅವಳ ಯೋಜನೆ. ನೌಕರಿ ಹೋದರೆ ಮನೆಯೂ ಹೋಗುತ್ತದೆ. ನಾವು ಗಾಜಿಯಾಬಾದಿನ ಮೂರನೇ ಮಹಡಿಯ ಎರಡು ಕೋಣೆಗಳಿಗೆ ಬಂದೆವು. ಪರ್ಮನೆಂಟ್ ನೌಕರಿ ಬಿಟ್ಟ ಹೆಂಗಸನ್ನು ನೋಡಲು ಹಳೆಯ ಕ್ವಾರ್ಟರ್ಸಿನ ಕನ್ನಡದವರು ಸೇಬು, ಕಿತ್ತಳೆ ಹಿಡಿದು ಬಂದರು, ಕಾಯಿಲೆ ಬಿದ್ದವರನ್ನು ನೋಡಲು ಬರುವ ಹಾಗೆ. ಕೆಲಸದಿಂದ ಬಿಡುಗಡೆಯಾದ ತೊಂಬತ್ತು ದಿನದೊಳಗೆ ಬರೆದುಕೊಟ್ಟರೆ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಬಹುದು ಎಂದು ಅವರಲ್ಲೊಬ್ಬರು ಅಪ್ಪನಿಗೆ ಹೇಳಿದರು. ಮರುದಿನವೇ ಅಪ್ಪ ಅಂಥದೊಂದು ಅರ್ಜಿ ಟೈಪ್ ಮಾಡಿಸಿ ತಂದು ಫ್ರಿಜ್ಜಿನ ಮೇಲಿಟ್ಟ. ಅಮ್ಮನ ಸಹಿಯೊಂದು ಬಾಕಿ.

ಅಮ್ಮನ ಲೆಕ್ಕ ತಪ್ಪಿದ್ದು ಹವೆಯಲ್ಲಿ. ಹುಟ್ಟಿದೂರು ದಾವಣಗೆರೆಯಲ್ಲಿ ಕಲಿತ ಅಳತೆಯನ್ನೇ ನೆಚ್ಚಿಕೊಂಡು ಅವಳು ಚಳಿಗಾಲದ ಬಾಗಿಲಲ್ಲಿ ಕೆಲಸ ಶುರುಮಾಡಿದ್ದಳು. ಕ್ವಾರ್ಟರ್ಸಿನಲ್ಲಿದ್ದಾಗ ಚಳಿಗಾಲದಲ್ಲಿ ನಾವು ದೋಸೆ ತಿನ್ನುತ್ತಲೇ ಇರಲಿಲ್ಲ ಎಂಬುದು ಅವಳಿಗಾಗಲಿ ನಮಗಾಗಲಿ ಹೊಳೆದಿರಲಿಲ್ಲ. ಡಿಸೆಂಬರಿನ ಹೊತ್ತಿಗೆ ಹಿಟ್ಟು ಗೋಡೆಗೆ ಬಳಿಯುವ ಸುಣ್ಣದ ಹಾಗೆ ತಣ್ಣಗೆ, ಅಲುಗದೆ ಕೂತುಬಿಟ್ಟಿತು. ಅಮ್ಮ ಮೆಂತ್ಯ ಹೆಚ್ಚಿಸಿದಳು, ಬಿಸಿನೀರಲ್ಲಿ ರುಬ್ಬಿದಳು, ಉಪ್ಪನ್ನು ಕೊನೆಗೆ ಹಾಕಿ ನೋಡಿದಳು. ಆಮೇಲೆ ಸ್ಟೀಲ್ ಡಬ್ಬಿಗಳನ್ನು ಬಿಸಿನೀರಿನ ಬಾಟಲಿಗಳ ಜೊತೆ ನಾವು ಹೊದೆಯುವ ಹತ್ತಿಯ ರಜಾಯಿಯೊಳಗೆ ಮಲಗಿಸಿದಳು. ಶಾಲೆಗೆ ಚಳಿಯ ರಜೆ. ನಾನೂ ಅಕ್ಕನೂ ಹಗಲೆಲ್ಲ ಆ ಡಬ್ಬಿಗಳಿಗೆ ಕಾಲು ತಾಗಿಸಿ ಹೋಂವರ್ಕ್ ಮಾಡುತ್ತಿದ್ದೆವು.

"ಮುಚ್ಚಳ ತೆಗೀಬೇಡ ಕಣೋ, ಶೀತ ಆಗತ್ತೆ ಅದಕ್ಕೆ."

"ನಮಗೆ ಆಗಲ್ವಾ? ಮಮ್ಮಿ, ಹಮ್ ಮುರ್ಗಿ ಹೈಂ ಕ್ಯಾ, ಕಾವು ಕೊಡೋಕೆ?" ಎಂದು ಅಕ್ಕ ಕಿರುಚುತ್ತಿದ್ದಳು.

ಎದುರು ಮನೆಯ ಪಂಜಾಬಿ ಆಂಟಿ ಕೊಂಡ ಹಿಟ್ಟನ್ನು ವಾಪಸು ತಂದು, "ಅರೆ ಭಾಭೀಜಿ, ಆಪ್ಕಾ ಬ್ಯಾಟರ್ ತೋ ಅಭೀ ಸೋ ರಹಾ ಹೈ," ಎಂದು ಇನ್ನೂ ನಿದ್ದೆಯಲ್ಲಿದ್ದ ಹಿಟ್ಟನ್ನು ತೋರಿಸಿ ನಕ್ಕಳು. ಅಮ್ಮನೂ ನಕ್ಕಳು. ಆ ಹಿಟ್ಟನ್ನು ನಾವು ಮೂರು ದಿನ ತಿಂದೆವು.

"ಇದು ಈ ಚಳಿಗೆ ಏಳಲ್ಲ ಅಂದ್ರೆ ಏಳಲ್ಲ. ಸೈನ್ ಹಾಕೇ," ಎಂದ ಅಪ್ಪ.

"ಇನ್ನೂ ಹನ್ನೊಂದು ದಿನ ಇದೆಯಲ್ರೀ. ಹಿಟ್ಟಿಗೆ ಒಂದು ದಿನ ಸಾಕು."

ತೊಂಬತ್ತನೆಯ ದಿನ ಬಂತು. ಅದರ ಬಗ್ಗೆ ನನಗೂ ಅಕ್ಕನಿಗೂ ತಕರಾರಿಲ್ಲ. ಅಪ್ಪ ಎದ್ದವನೇ "ಇವತ್ತಿಗೆ ತೊಂಬತ್ತು" ಎಂದದ್ದು ಇಬ್ಬರಿಗೂ ನೆನಪಿದೆ. ಅಮ್ಮ ಅರ್ಜಿಗೆ ಸಹಿ ಹಾಕಿ, ಆಫೀಸಿನ ಸೀರೆ ಉಟ್ಟು, ಮಂಜಿನಲ್ಲಿ ದಿಲ್ಲಿಯ ಟ್ರೇನಿಗೆ ಹೋದಳು. ಅಪ್ಪ ಅಂದು ಮಾಮೂಲಿನಂತೆ ಕಾರ್ಖಾನೆಗೆ ಹೋದ, ಹಗುರವಾದ ಮುಖದಲ್ಲಿ. ಆ ಮಧ್ಯಾಹ್ನ ರಜಾಯಿಯೊಳಗೆ ಹಿಟ್ಟು ಉಬ್ಬಿ ಮುಚ್ಚಳವನ್ನು ಎತ್ತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟು ಚಂದದ ನೆನಪನ್ನು ನಾನು ನಂಬುವುದಿಲ್ಲ. ಅಕ್ಕನೂ ಒಪ್ಪುವುದಿಲ್ಲ: "ಹೋಳಿ ಹೊತ್ತಿಗೆ ಎದ್ದಿದ್ದು ಕಣೋ. ಸೆಕೆ ಶುರುವಾದ್ಮೇಲೆ ಯಾರ ಹಿಟ್ಟಾದ್ರೂ ಏಳತ್ತೆ." ಹಾಗಾದರೆ ಅಮ್ಮನ ಹಟ ಗೆದ್ದಿತೋ, ಬರೀ ಹವೆ ಬದಲಾಯಿತೋ?

ಸಂಜೆ ಅಮ್ಮ ಬಂದಳು. ಚಪ್ಪಲಿ ಬಿಡುವ ಮೊದಲೇ ಅಪ್ಪ ಕೇಳಿದ, "ಕೊಟ್ಯಾ?"

"ಕೊಟ್ಟೆ. ಸಾಹೇಬ್ರು ತಗೊಳ್ಳಲಿಲ್ಲ."

"ಯಾಕಂತೆ?"

"ಲೇಟಾಯ್ತಂತೆ," ಎಂದು ಅಮ್ಮ ಅಕ್ಕಿ ನೆನೆಸಲು ಒಳಗೆ ಹೋದಳು.

ಮುಂದೆ ಹದಿನಾಲ್ಕು ವರ್ಷ ಅಮ್ಮನ ಹಿಟ್ಟು ನಡೆಯಿತು. ನಮ್ಮ ಕಾಲೇಜು, ಅಕ್ಕನ ಮದುವೆ ಎಲ್ಲ ಆ ಡಬ್ಬಿಗಳಿಂದಲೇ. ಅಪ್ಪನೇ ಕೊನೆಗೆ ಸ್ಕೂಟರಿನಲ್ಲಿ ಮನೆಮನೆಗೆ ಹಂಚುತ್ತಿದ್ದ. ಹಂಚಿ ಬಂದು ಚಹಾ ಕುಡಿಯುತ್ತ ಆ ಸಾಹೇಬರನ್ನು ಒಮ್ಮೆ ಬೈಯದಿದ್ದರೆ ಅವನ ದಿನ ಮುಗಿಯುತ್ತಿರಲಿಲ್ಲ: "ಒಂದು ಕಾಗದ ತಗೊಂಡಿದ್ರೆ ಅವನ ಗಂಟೇನು ಹೋಗ್ತಿತ್ತು?" ಅಮ್ಮ ಆಗ ರುಬ್ಬುವ ಯಂತ್ರದ ಸದ್ದಿನ ಕಡೆಗೆ ತಿರುಗಿಬಿಡುತ್ತಿದ್ದಳು. ಅಪ್ಪ ಹೋದ, ಎರಡು ಚಳಿಗಾಲ ಕಳೆದು ಅಮ್ಮನೂ ಹೋದಳು. ನಾನು ಅವಳನ್ನು ಏನೂ ಕೇಳಲಿಲ್ಲ. ಕೇಳುವಂಥದೊಂದಿದೆ ಎಂದು ಆಗ ಗೊತ್ತಿರಲಿಲ್ಲ.

ಹೋದ ವರ್ಷ ಅವಳ ಕಾಗದಗಳಲ್ಲಿ ಕಚೇರಿಯ ಬಿಡುಗಡೆ ಆದೇಶ ಸಿಕ್ಕಿತು. ಅದರ ತಾರೀಖಿನಿಂದ ತೊಂಬತ್ತು ದಿನವನ್ನು ಬೆರಳಲ್ಲೊಮ್ಮೆ, ಕಂಪ್ಯೂಟರಿನಲ್ಲೊಮ್ಮೆ ಎಣಿಸಿದೆ. ಆ ವರ್ಷದ ಸರ್ಕಾರಿ ರಜೆಗಳ ಪಟ್ಟಿ ಹುಡುಕಿ ಪಕ್ಕದಲ್ಲಿಟ್ಟು ನೋಡಿದೆ. ಅವಳ ಮನಸ್ಸಿನಲ್ಲಿ ಏನಿತ್ತೋ, ಆ ಹಗಲೆಲ್ಲ ಮಂಜಿನಲ್ಲಿ ಎಲ್ಲಿದ್ದಳೋ ನಾನು ಹೇಳಲಾರೆ. ಖಚಿತಪಡಿಸಿಕೊಂಡದ್ದು ಇಷ್ಟೇ: ಅಂದು ಮೊಹರಂ, ಅಮ್ಮನ ಕಚೇರಿಗೆ ರಜೆ.